ಲ್ಯಾಮಿಂಗ್ಟನ್ ರಸ್ತೆಯ ನಾಲ್ಕು ಜಿಬಿ ಲ್ಯಾಪ್‌ಟಾಪ್: ಮೆಮೊರಿ ಮುಗಿದಾಗ ಅದು ನಡೆದುಕೊಂಡ ಬಗೆ

ಡೊಂಬಿವಲಿಯಿಂದ ದಾದರಿಗೆ ಬಂದು ಗಾಡಿ ಬದಲಿಸಿ, ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಪೂರ್ವ ದಿಕ್ಕಿಗೆ ಇಳಿದು ನಡೆದರೆ ಸಿಗುವ ರಸ್ತೆಗೆ ಹಲಗೆಯ ಮೇಲೆ ಡಾ. ದಾದಾಸಾಹೇಬ ಭಡಕಮಕರ್ ಮಾರ್ಗ ಎಂಬ ಹೆಸರಿದ್ದರೂ, ಕಂಪ್ಯೂಟರ್ ಸಾಮಾನು ಕೊಳ್ಳಲು ಹೋಗುವ ಯಾರ ಬಾಯಲ್ಲೂ ಅದು ಲ್ಯಾಮಿಂಗ್ಟನ್ ರಸ್ತೆಯೇ. 2025ರ ಅಕ್ಟೋಬರ್ ಕೊನೆಯ ವಾರದಲ್ಲಿ ಅಲ್ಲಿಯ ಸಣ್ಣದೊಂದು ಅಂಗಡಿಯಲ್ಲಿ 14,500 ರೂಪಾಯಿಗೆ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ವಿಮರ್ಶೆ ಇದು. ಪರದೆ ಚೆನ್ನಾಗಿದೆ, ಕೀಲಿಮಣೆ ಬಹಳ ಚೆನ್ನಾಗಿದೆ, ಬ್ಯಾಟರಿ ಎರಡೂವರೆ ಗಂಟೆ ಬರುತ್ತದೆ. ಇವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಬರೆಯಬೇಕಾಗಿರುವುದು ಅದರೊಳಗಿನ 4 ಜಿಬಿ ಮೆಮೊರಿಯ, ಅಂದರೆ ರ‍್ಯಾಮ್‌ನ ಬಗ್ಗೆ; ಅಥವಾ ಆ 4 ಜಿಬಿ ಸಾಲದೆ ಹೋದ ಕ್ಷಣದಲ್ಲಿ ಯಂತ್ರ ಹೇಗೆ ನಡೆದುಕೊಂಡಿತು ಎಂಬುದರ ಬಗ್ಗೆ.

ಯಂತ್ರ ಏಳನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರಿನದು. ವಿಂಡೋಸ್ 11 ಬೇಕೆಂದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದು ಇರಬೇಕು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ ಅದೇ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಹಾಗಾಗಿ ಅಂಗಡಿಯವರು ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುವುದಾಗಿ ತಾವೇ ಹೇಳಿದರು, ನಾನು ಒಪ್ಪಿದೆ. ಕೆಲಸ ಮಾಡಿದ ಹುಡುಗ ಕುಂದಾಪುರದ ಕಡೆಯವನೆಂದು ಅವನ ಫೋನಿನ ಮಾತಿನಿಂದಲೇ ಗೊತ್ತಾಯಿತು. 240 ಜಿಬಿ ಎಸ್‌ಎಸ್‌ಡಿಯಲ್ಲಿ ಸ್ವಾಪ್ ಜಾಗವನ್ನು, ಅಂದರೆ ಮೆಮೊರಿ ಸಾಲದಾಗ ಅದರಲ್ಲಿರುವುದನ್ನು ಇಳಿಸಿಡಲು ಡಿಸ್ಕಿನಲ್ಲಿ ಬಿಡುವ ಜಾಗವನ್ನು, ಏಕೆ ಇಟ್ಟಿಲ್ಲ ಎಂದು ಕೇಳಿದ್ದಕ್ಕೆ, "ಸ್ವಾಪ್ ಹಾಕಿದ್ರೆ ಎಸ್‌ಎಸ್‌ಡಿ ಬೇಗ ಹಾಳಾಗ್ತದೆ ಮಾರಾಯ್ರೆ, ಇಲ್ಲಿ ಯಾರಿಗೂ ಹಾಕುದಿಲ್ಲ" ಎಂದ. ನಾನು ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ಮೂರು ವಾರಗಳ ನಂತರ ಬೆಲೆ ತೆರಬೇಕಾಯಿತು.

ನಮ್ಮ ಉಪನಗರದ ಕನ್ನಡ ಸಂಘದ ರಾಜ್ಯೋತ್ಸವ ನವೆಂಬರ್ ಕೊನೆಗೆ ನಡೆಯುತ್ತದೆ. ಅದರ ಸ್ಮರಣ ಸಂಚಿಕೆಯ ಪುಟವಿನ್ಯಾಸ ನನ್ನ ಪಾಲಿನ ಕೆಲಸ. ಲೇಖನಗಳಿಗಿಂತ ಜಾಹೀರಾತುಗಳೇ ಇದರಲ್ಲಿ ತೂಕದವು. ಹೋಟೆಲ್ ಮಾಲೀಕರು, ಕ್ಯಾಟರಿಂಗ್‌ನವರು, ಸಹಕಾರಿ ಬ್ಯಾಂಕಿನವರು ಹಳೆಯ ಸಂಚಿಕೆಯ ಪುಟವನ್ನೇ ಸ್ಕ್ಯಾನ್ ಮಾಡಿಸಿ ಕಳುಹಿಸುತ್ತಾರೆ, ಅದೂ 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಬಿಂದುಗಳಂತೆ. ಕಡತದ ಗಾತ್ರ ನೋಡಿದರೆ ನಾಲ್ಕೋ ಐದೋ ಎಂಬಿ ಮಾತ್ರ. ಆದರೆ ಆ ಗಾತ್ರ ಮಡಚಿಟ್ಟ ಜಮಖಾನೆಯದು. ಎ4 ಪುಟವೊಂದು 600 ಡಿಪಿಐನಲ್ಲಿ ಅಗಲಕ್ಕೆ ಸುಮಾರು 4,960, ಎತ್ತರಕ್ಕೆ ಸುಮಾರು 7,016 ಬಿಂದುಗಳಾಗುತ್ತದೆ. ಒಟ್ಟು ಸುಮಾರು 3.48 ಕೋಟಿ ಬಿಂದುಗಳು. ತೆರೆದು ತಿದ್ದಲು ಕುಳಿತರೆ ಬಿಂದುವಿಗೆ ನಾಲ್ಕು ಬೈಟ್‌ನಂತೆ 139 ಎಂಬಿ ಮೆಮೊರಿ ಬೇಕು. ಇಪ್ಪತ್ತು ಜಾಹೀರಾತುಗಳನ್ನು ಒಟ್ಟಿಗೆ ಬಿಚ್ಚಿ ಹಾಸಿದರೆ 2.8 ಜಿಬಿ ಅಲ್ಲಿಯೇ ಹೋಯಿತು. ಉಳಿದದ್ದರಲ್ಲಿ ಆಪರೇಟಿಂಗ್ ಸಿಸ್ಟಮ್, ಅಕ್ಷರಜೋಡಣೆಯ ತಂತ್ರಾಂಶ, ಮತ್ತು ಹದಿನೈದು ಟ್ಯಾಬ್ ತೆರೆದಿಟ್ಟ ಬ್ರೌಸರ್ ಬದುಕಬೇಕು.

ಹದಿನೆಂಟನೆಯ ಜಾಹೀರಾತನ್ನು ತೆರೆದಾಗ ರಾತ್ರಿ 11 ಗಂಟೆ 42 ನಿಮಿಷ. ನಿಖರವಾಗಿ ಹೇಳಬಲ್ಲೆ, ಏಕೆಂದರೆ ಪರದೆಯ ಮೇಲಿನ ಗಡಿಯಾರ ಅಲ್ಲಿಯೇ ನಿಂತುಹೋಯಿತು. ಮೌಸ್ ಅಲುಗಾಡಿಸಿದರೆ ಬಾಣ ಅರ್ಧ ನಿಮಿಷಕ್ಕೊಮ್ಮೆ ಒಂದು ಗೇಣು ಹಾರಿ ಮತ್ತೆ ಕಲ್ಲಾಗುತ್ತಿತ್ತು. ಡಿಸ್ಕಿನ ಸಣ್ಣ ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯತೊಡಗಿತು. ದೋಷ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ, ಯಾವ ತಂತ್ರಾಂಶವೂ ಮುಚ್ಚಿಕೊಳ್ಳಲಿಲ್ಲ. ಇಪ್ಪತ್ತೈದು ನಿಮಿಷ ಕಾದು, ಕೊನೆಗೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆರಿಸಿದೆ. ತಿದ್ದಿದ ಎಂಟು ಜಾಹೀರಾತುಗಳು ಹೋದವು.

ಈ ಇಪ್ಪತ್ತೈದು ನಿಮಿಷಗಳಲ್ಲಿ ಒಳಗೆ ನಡೆದದ್ದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ವಿಮರ್ಶೆಯ ತಿರುಳು ಅಲ್ಲಿದೆ. ಆಪರೇಟಿಂಗ್ ಸಿಸ್ಟಮ್ ಮೆಮೊರಿಯನ್ನು ಪೇಜ್ ಎಂಬ ತುಂಡುಗಳಾಗಿ ಹಂಚುತ್ತದೆ. ಇಂತಹ ಲ್ಯಾಪ್‌ಟಾಪಿನಲ್ಲಿ ಪೇಜಿನ ಗಾತ್ರ 4 ಕೆಬಿ. ಅಂದರೆ 4 ಜಿಬಿಗೆ 10,48,576 ಪೇಜುಗಳು. ಮಾಟುಂಗದ ಉಡುಪಿ ಊಟದ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಗಲ್ಲಾದಲ್ಲಿ ಕುಳಿತವರು ಟೋಕನ್ ಕೊಡುವುದನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಒಳಗೆ ನಲವತ್ತು ಕುರ್ಚಿಗಳಿದ್ದರೂ ಎಪ್ಪತ್ತು ಟೋಕನ್ ಹರಿಯುತ್ತಾರೆ, ಏಕೆಂದರೆ ಎಪ್ಪತ್ತು ಮಂದಿಯೂ ಒಂದೇ ಗಳಿಗೆಗೆ ಎಲೆಯ ಮುಂದೆ ಕೂರುವುದಿಲ್ಲ. ಲಿನಕ್ಸ್ ಕೂಡ ಹೀಗೆಯೇ ಇರುವುದಕ್ಕಿಂತ ಹೆಚ್ಚು ಮೆಮೊರಿಯನ್ನು ಮಾತಿನಲ್ಲಿ ಕೊಟ್ಟುಬಿಡುತ್ತದೆ. ಇದಕ್ಕೆ ಓವರ್‌ಕಮಿಟ್ ಎನ್ನುತ್ತಾರೆ. ಇದು ಬೇಜವಾಬ್ದಾರಿಯೇನಲ್ಲ. ಲಿನಕ್ಸ್ ಅನುಸರಿಸುವ ಯುನಿಕ್ಸ್ ಪರಂಪರೆಯಲ್ಲಿ ಒಂದು ಪ್ರಕ್ರಿಯೆ (ಓಡುತ್ತಿರುವ ತಂತ್ರಾಂಶ) ತನ್ನದೇ ನಕಲನ್ನು ಹುಟ್ಟಿಸಿ ಹೊಸ ಕೆಲಸ ಆರಂಭಿಸುವ ಪದ್ಧತಿ ಇದೆ. 2 ಜಿಬಿ ಬಳಸುವ ತಂತ್ರಾಂಶ ಹಾಗೆ ನಕಲಾದರೆ ಕಾಗದದ ಮೇಲೆ ಇನ್ನೂ 2 ಜಿಬಿ ಬೇಕು, ಆದರೆ ಇಬ್ಬರೂ ಒಂದೇ ಪೇಜುಗಳನ್ನು ಹಂಚಿಕೊಂಡು, ಬರೆದಾಗ ಮಾತ್ರ ಬೇರೆ ಪ್ರತಿ ಮಾಡಿಕೊಳ್ಳುವುದರಿಂದ ನಿಜಕ್ಕೆ ಬೇಕಾಗುವುದು ಬಹಳ ಕಡಿಮೆ. ಮಾತನ್ನು ಅಕ್ಷರಶಃ ಲೆಕ್ಕ ಹಿಡಿದರೆ ಖಾಲಿ ಕುರ್ಚಿ ಇಟ್ಟುಕೊಂಡೇ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಿದಂತಾಗುತ್ತದೆ.

ತೊಂದರೆ ಶುರುವಾಗುವುದು ಎಲ್ಲರೂ ಒಟ್ಟಿಗೆ ಬಂದಾಗ. ಆಗ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಾದ ಕರ್ನಲ್ ಯಾವ ಪೇಜನ್ನು ತೆರವು ಮಾಡಬಹುದೆಂದು ಹುಡುಕುತ್ತದೆ. ನಾನು ತಿದ್ದುತ್ತಿದ್ದ ಚಿತ್ರದ ಪೇಜುಗಳನ್ನು ಎಸೆಯುವಂತಿಲ್ಲ, ಅವುಗಳಿಗೆ ಬೇರೆಲ್ಲಿಯೂ ಪ್ರತಿಯಿಲ್ಲ. ಅವನ್ನು ಇಳಿಸಿಡಲು ಸ್ವಾಪ್ ಬೇಕು, ಅದನ್ನು ಕುಂದಾಪುರದ ಹುಡುಗ ಹಾಕಿರಲಿಲ್ಲ. ಎಸೆಯಬಹುದಾದದ್ದು ಡಿಸ್ಕಿನಲ್ಲಿ ಮೂಲಪ್ರತಿ ಇರುವ ಪೇಜುಗಳನ್ನು ಮಾತ್ರ, ಮತ್ತು ಅವುಗಳಲ್ಲಿ ಮುಖ್ಯವಾದವು ಯಾವುವೆಂದರೆ ಓಡುತ್ತಿರುವ ತಂತ್ರಾಂಶಗಳ ಸ್ವಂತ ಕೋಡ್. ಕರ್ನಲ್ ಅದನ್ನು ಎಸೆಯುತ್ತದೆ. ಮರುಗಳಿಗೆಗೆ ಅದೇ ಕೋಡ್ ಓಡಬೇಕಾಗುತ್ತದೆ. ಡಿಸ್ಕಿನಿಂದ ಮತ್ತೆ ಓದುತ್ತದೆ. ಜಾಗಕ್ಕಾಗಿ ಇನ್ನೊಂದರ ಕೋಡನ್ನು ಎಸೆಯುತ್ತದೆ. ಪಂಕ್ತಿಯಲ್ಲಿ ಜಾಗ ಸಾಲದೆಂದು ಬಡಿಸುವವನು ಸೌಟು, ಹುಟ್ಟು, ಕೊಳಗಗಳನ್ನು ಅಟ್ಟಕ್ಕೆ ಕಳುಹಿಸಿ, ಪ್ರತಿ ತುತ್ತು ಅನ್ನ ಹಾಕುವಾಗಲೂ ಏಣಿ ಹತ್ತಿ ಒಂದು ಸೌಟು ತಂದಂತೆ. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೊಸೆಕೆಂಡ್ ಸಾಕಾದರೆ ನನ್ನಂತಹ ಸಾಟಾ ಎಸ್‌ಎಸ್‌ಡಿಗೆ ಸುಮಾರು 100 ಮೈಕ್ರೊಸೆಕೆಂಡ್ ಬೇಕು, ಅಂದರೆ ಸಾವಿರ ಪಟ್ಟು. ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಲಕ್ಷ ಪಟ್ಟಿನ ಲೆಕ್ಕ. ಈ ಸ್ಥಿತಿಗೆ ಥ್ರ್ಯಾಶಿಂಗ್ ಎಂಬ ಹೆಸರಿದ್ದು, ಪೀಟರ್ ಡೆನಿಂಗ್ 1968ರಲ್ಲಿಯೇ ಇದರ ಕಾರಣಗಳನ್ನು ವಿವರಿಸಿದ್ದರು. ಸ್ವಾಪ್ ಇಲ್ಲದಿದ್ದರೆ ಡಿಸ್ಕಿನ ಓಡಾಟವೇ ಇರುವುದಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಮೇಜಿನ ಮೇಲೆ ಒಂದೇ ಸಮನೆ ಉರಿದ ದೀಪ ಅದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿತು.

ಹಾಗಾದರೆ ಲಿನಕ್ಸಿನ ಹೆಸರಾಂತ ಓಓಎಮ್ (ಔಟ್ ಆಫ್ ಮೆಮೊರಿ) ಕಿಲ್ಲರ್ ಎಲ್ಲಿ ಹೋಗಿತ್ತು? ಮೆಮೊರಿ ಪೂರ್ತಿ ಮುಗಿದಾಗ ಒಂದು ಪ್ರಕ್ರಿಯೆಯನ್ನು ಆರಿಸಿ ಕೊಂದು, ಉಳಿದವರನ್ನು ಬದುಕಿಸುವುದು ಅದರ ಕೆಲಸ. ಆಯ್ಕೆಗೆ ಪ್ರತಿ ಪ್ರಕ್ರಿಯೆಗೂ ಅಂಕವಿರುತ್ತದೆ. ಹೆಚ್ಚು ಮೆಮೊರಿ ತಿಂದವನಿಗೆ ಹೆಚ್ಚು ಅಂಕ, ಅದರ ಮೇಲೆ -1000ರಿಂದ 1000ದವರೆಗಿನ ತಿದ್ದುಪಡಿಯೊಂದನ್ನು ನಾವೇ ಕೊಡಬಹುದು, -1000 ಎಂದರೆ ಅವನನ್ನು ಮುಟ್ಟಬೇಡ ಎಂದರ್ಥ. ಮರುದಿನ, ಯಂತ್ರ ತನ್ನ ಆಗುಹೋಗುಗಳನ್ನು ಬರೆದಿಡುವ ದಾಖಲೆಯನ್ನು ತೆರೆದು 11:42ರ ಸುತ್ತಮುತ್ತ ಹುಡುಕಿದೆ. ಒಂದು ಸಾಲೂ ಇರಲಿಲ್ಲ. ಕಿಲ್ಲರನ್ನು ಕರೆದೇ ಇರಲಿಲ್ಲ. ಕರ್ನಲ್ಲಿನ ದೃಷ್ಟಿಯಲ್ಲಿ ಮೆಮೊರಿ ಮುಗಿದೇ ಇರಲಿಲ್ಲ. ಪ್ರತಿ ಬಾರಿ ಹುಡುಕಿದಾಗಲೂ ಎಸೆಯಲು ನಾಲ್ಕು ಕೋಡ್ ಪೇಜುಗಳು ಸಿಗುತ್ತಿದ್ದವು, ಎಸೆದರೆ ಜಾಗವಾಗುತ್ತಿತ್ತು, ಜಾಗವಾದರೆ ಕೆಲಸ ಸಾಗುತ್ತಿದೆ ಎಂದು ಅದು ಬಗೆಯುತ್ತಿತ್ತು. ಹೋಟೆಲಿನಲ್ಲಿ ಯಾರೊಬ್ಬರ ಊಟವೂ ಮುಗಿಯುತ್ತಿಲ್ಲ ಎಂಬುದನ್ನು ನೋಡುವವರು ಯಾರೂ ಇಲ್ಲ, ಸೌಟುಗಳು ಏಣಿ ಹತ್ತಿಳಿಯುತ್ತಿವೆ ಎಂಬುದೊಂದೇ ಲೆಕ್ಕ. ಕರ್ನಲ್ ತನ್ನನ್ನು ತಾನು ಉಳಿಸಿಕೊಳ್ಳಲು ಈ ಕಿಲ್ಲರನ್ನು ಇಟ್ಟುಕೊಂಡಿದೆಯೇ ಹೊರತು, ಮೇಜಿನ ಮುಂದೆ ಕುಳಿತವನ ತಾಳ್ಮೆಯನ್ನು ಉಳಿಸಲು ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಿಲ್ಲರನ್ನು ಕೈಯಾರೆ ಕರೆಯುವ ದಾರಿಯೂ ಇದೆ; ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಕೀಲಿಗಳನ್ನು ಹಿಡಿದು ಎಫ್ ಒತ್ತಬೇಕು. ಆ ರಾತ್ರಿ ಅದು ನನಗೆ ನೆನಪಿತ್ತು, ಒತ್ತಿಯೂ ಇದ್ದೆ. ಆಗ ಏಕೆ ಏನೂ ಆಗಲಿಲ್ಲ ಎಂಬುದು ನಂತರ ತಿಳಿಯಿತು. ಈ ಕೀಲಿಗಳಿಗೆ ಯಾವ ಯಾವ ಅಧಿಕಾರ ಎಂಬುದನ್ನು ಒಂದು ಸಂಖ್ಯೆಯಲ್ಲಿ ಬರೆದಿಟ್ಟಿರುತ್ತಾರೆ. ನನ್ನ ಯಂತ್ರದಲ್ಲಿ ಅದು 176 ಇತ್ತು. 128, 32 ಮತ್ತು 16 ಕೂಡಿದರೆ 176. ಪ್ರಕ್ರಿಯೆಯನ್ನು ಕೊಲ್ಲುವ ಅಧಿಕಾರಕ್ಕೆ ಬೇಕಾದ 64 ಅದರಲ್ಲಿ ಇಲ್ಲ. ಈಗ 240 ಮಾಡಿಕೊಂಡಿದ್ದೇನೆ.

ಬೇರೆ ವ್ಯವಸ್ಥೆಗಳು ಇದೇ ಇಕ್ಕಟ್ಟಿನಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ವಿಂಡೋಸ್ ಟೋಕನ್ ವಿಷಯದಲ್ಲಿ ಜಿಪುಣ ಗಲ್ಲಾದವನು. ರ‍್ಯಾಮ್ ಮತ್ತು ಪೇಜ್ ಫೈಲ್ (ವಿಂಡೋಸಿನ ಸ್ವಾಪ್) ಎರಡನ್ನೂ ಕೂಡಿಸಿದರೆ ಬರುವ ಮಿತಿಯನ್ನು ಮೀರಿ ಅದು ಮಾತು ಕೊಡುವುದಿಲ್ಲ. ಮಿತಿ ಹತ್ತಿರವಾದಾಗ ಪೇಜ್ ಫೈಲನ್ನು ಹಿಗ್ಗಿಸುತ್ತದೆ, ಮೆಮೊರಿ ಕಡಿಮೆಯಾಗಿದೆ, ತಂತ್ರಾಂಶಗಳನ್ನು ಮುಚ್ಚಿ ಎಂಬ ಸಂದೇಶ ತೋರಿಸುತ್ತದೆ, ಅದಕ್ಕೂ ಮೀರಿದರೆ ಕೇಳಿದ ತಂತ್ರಾಂಶಕ್ಕೆ ನೇರವಾಗಿ ಇಲ್ಲ ಎನ್ನುತ್ತದೆ. ಇಲ್ಲ ಎಂಬ ಉತ್ತರವನ್ನು ಸಹಿಸಲು ಬಾರದ ತಂತ್ರಾಂಶ ಅಲ್ಲಿಯೇ ಕುಸಿಯುತ್ತದೆ. ತಪ್ಪು ಮಾಡಿದವನು ಬೇರೆ, ಬಿದ್ದವನು ಬೇರೆ ಆಗುವುದೂ ಉಂಟು. ಮ್ಯಾಕ್‌ನಲ್ಲಿ 2013ರ ಮ್ಯಾವರಿಕ್ಸ್ ಆವೃತ್ತಿಯಿಂದ ಮೆಮೊರಿಯನ್ನು ಹಿಂಡಿ ಚಿಕ್ಕದಾಗಿಸುವ ಏರ್ಪಾಡು ಬಂತು, ಸ್ವಾಪ್ ಕಡತಗಳು ಬೇಕಾದಂತೆ ಹುಟ್ಟಿಕೊಳ್ಳುತ್ತವೆ, ಅದೂ ಸಾಲದಿದ್ದರೆ ಯಾವುದನ್ನು ಮುಚ್ಚಲಿ ಎಂದು ಪಟ್ಟಿ ಮುಂದಿಟ್ಟು ನಮ್ಮನ್ನೇ ಕೇಳುತ್ತದೆ. ಹೀಗೆ ಕೇಳುವ ಸೌಜನ್ಯ ನನಗೆ ಇಷ್ಟ.

ಎಲ್ಲರಿಗಿಂತ ಜಾಣತನ ತೋರುವುದು ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನ್. ಅದರೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ ಎಂಬುದು ಮೋಜಿನ ಸಂಗತಿ. ಕಣ್ಣೆದುರು ತೆರೆದಿರುವ ಆ್ಯಪ್‌ಗೆ ತಿದ್ದುಪಡಿಯ ಅಂಕ 0. ಹಿಂದೆ ಸುಮ್ಮನೆ ಬಿದ್ದಿರುವವಕ್ಕೆ 900ರಿಂದ 999. ಮೆಮೊರಿ ಬಿಗಿಯಾಗುತ್ತಿದ್ದಂತೆಯೇ, ಮುಗಿಯುವುದಕ್ಕೆ ಬಹಳ ಮೊದಲೇ, ಎಲ್‌ಎಮ್‌ಕೆಡಿ ಎಂಬ ಕಾವಲುಗಾರ ಹಿಂದಿನವರನ್ನು ಒಬ್ಬೊಬ್ಬರನ್ನಾಗಿ ತೆಗೆಯುತ್ತಾನೆ. ಯಾವ ಗಳಿಗೆಯಲ್ಲಾದರೂ ಸಾವು ಬರಬಹುದೆಂಬ ತಿಳಿವಳಿಕೆಯಿಂದಲೇ ಆ್ಯಪ್‌ಗಳನ್ನು ಬರೆದಿರುವುದರಿಂದ, ಅವು ತಮ್ಮ ಸ್ಥಿತಿಯನ್ನು ಬರೆದಿಟ್ಟು ಹೋಗುತ್ತವೆ, ಮರಳಿ ತೆರೆದಾಗ ಅಲ್ಲಿಂದಲೇ ಏಳುತ್ತವೆ.

ಈ ಕಾವಲುಗಾರನನ್ನು ಲ್ಯಾಪ್‌ಟಾಪಿನಲ್ಲಿಯೂ ಇಟ್ಟುಕೊಳ್ಳಬಹುದು. 2018ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 4.20ರಲ್ಲಿ, ಫೇಸ್‌ಬುಕ್‌ನ ಎಂಜಿನಿಯರುಗಳ ದುಡಿಮೆಯಿಂದ, ಪಿಎಸ್‌ಐ ಎಂಬ ಅಳತೆ ಸೇರಿತು. ಎಷ್ಟು ಮೆಮೊರಿ ಖಾಲಿಯಿದೆ ಎಂಬುದನ್ನು ಬಿಟ್ಟು, ಮೆಮೊರಿಗಾಗಿ ಕಾಯುವುದರಲ್ಲಿ ಎಷ್ಟು ಪಾಲು ಹೊತ್ತು ಹಾಳಾಗುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಕೊನೆಗೂ ಒಬ್ಬರು ಊಟ ಮುಗಿಯಿತೇ ಎಂದು ಕೇಳತೊಡಗಿದಂತಾಯಿತು. ಇದನ್ನು ಆಧರಿಸಿದ ಕಾವಲುಗಾರ ಸಿಸ್ಟಮ್‌ಡಿ-ಊಮ್‌ಡಿ 2021ರ ಫೆಡೋರಾ 34 ಎಂಬ ಲಿನಕ್ಸ್ ಆವೃತ್ತಿಯಿಂದ ತಾನಾಗಿಯೇ ಬರುತ್ತದೆ. ಅದು ಒಂದು ಗುಂಪಿಗೆ ಸೇರಿದ ಪ್ರಕ್ರಿಯೆಗಳನ್ನೆಲ್ಲ ಒಟ್ಟಿಗೆ ಕೊಲ್ಲುವುದರಿಂದ ಇಡೀ ಬ್ರೌಸರೇ ಮಾಯವಾಗಬಹುದು. ನಾನು ಆರಿಸಿಕೊಂಡದ್ದು ಅದಕ್ಕಿಂತ ಸರಳವಾದ ಅರ್ಲಿಊಮ್. ಲಭ್ಯ ಮೆಮೊರಿ ಮತ್ತು ಖಾಲಿ ಸ್ವಾಪ್ ಎರಡೂ ಶೇಕಡಾ 10ಕ್ಕಿಂತ ಕೆಳಗಿಳಿದರೆ ಅದು ಹೆಚ್ಚು ಅಂಕದ ಪ್ರಕ್ರಿಯೆಯೊಂದಕ್ಕೆ ಮುಗಿಸಿಕೊಳ್ಳಲು ಹೇಳುತ್ತದೆ, 5ಕ್ಕಿಂತ ಕೆಳಗಿಳಿದರೆ ಹೇಳದೆ ಕೊಲ್ಲುತ್ತದೆ. ಜೊತೆಗೆ 2 ಜಿಬಿ ಝಡ್‌ರ‍್ಯಾಮ್ ಮಾಡಿಕೊಂಡೆ. ಇದು ರ‍್ಯಾಮ್‌ನೊಳಗೇ ಪೇಜುಗಳನ್ನು ಹಿಂಡಿ ಇಡುವ ಸ್ವಾಪ್, ಸಾಮಾನ್ಯವಾಗಿ ಎರಡು ಮೂರು ಪಟ್ಟು ಚಿಕ್ಕದಾಗುತ್ತದೆ, ಬಿಳಿ ಹಿನ್ನೆಲೆಯೇ ಹೆಚ್ಚಿರುವ ಜಾಹೀರಾತಿಗೆ ಇನ್ನೂ ಒಳ್ಳೆಯದು. ಅದರ ಹಿಂದೆ ಎಸ್‌ಎಸ್‌ಡಿಯಲ್ಲಿ 4 ಜಿಬಿ ಸ್ವಾಪ್ ಕಡತ. ದಿನಕ್ಕೆ 2 ಜಿಬಿ ಬರೆದರೂ ವರ್ಷಕ್ಕೆ 730 ಜಿಬಿ. ಅಗ್ಗದ 240 ಜಿಬಿ ಎಸ್‌ಎಸ್‌ಡಿಗಳು ಸಹ ಹತ್ತಾರು ಟೆರಾಬೈಟ್ ಬರಹ ತಾಳುತ್ತವೆ. ಎಸ್‌ಎಸ್‌ಡಿ ಹಾಳಾಗುವುದೆಂಬ ಭಯಕ್ಕೆ ಈ ಲೆಕ್ಕವೇ ಉತ್ತರ.

ಓವರ್‌ಕಮಿಟ್ಟನ್ನೇ ನಿಲ್ಲಿಸಿ ವಿಂಡೋಸಿನಂತೆ ಮಾಡಬಹುದಲ್ಲವೇ ಎಂದು ಕೇಳಬಹುದು. ಸ್ವಾಪ್ ಸೇರಿಸುವ ಮೊದಲು ಅದನ್ನೂ ಮಾಡಿ ನೋಡಿದೆ. ಆ ಸೆಟ್ಟಿಂಗನ್ನು 2 ಎಂದು ಬದಲಿಸಿದರೆ ಮಿತಿ ಎಂದರೆ ಸ್ವಾಪ್ ಪೂರ್ತಿ, ಅದರ ಜೊತೆಗೆ ರ‍್ಯಾಮ್‌ನ ಶೇಕಡಾ 50, ಅಂದರೆ ನನ್ನ ಪಾಲಿಗೆ ಎರಡೇ ಜಿಬಿ. ಬ್ರೌಸರ್ ತೆರೆಯಲೇ ಇಲ್ಲ. ಐದು ನಿಮಿಷದಲ್ಲಿ ಹಿಂದಕ್ಕೆ ತಂದೆ.

ಎಲ್ಲ ಸಿದ್ಧವಾದ ಮೇಲೆ, ಅದೇ ಜಾಹೀರಾತುಗಳನ್ನು ಅದೇ ಕ್ರಮದಲ್ಲಿ, ಈ ಸಲ ಹಗಲು ಹೊತ್ತಿನಲ್ಲಿ ತೆರೆಯುತ್ತ ಹೋದೆ, ಪಕ್ಕದಲ್ಲಿ ಪಿಎಸ್‌ಐ ಸಂಖ್ಯೆ ಕಾಣುವಂತೆ ಇಟ್ಟುಕೊಂಡು. ಹದಿನೈದರವರೆಗೆ ಸೊನ್ನೆ. ಹದಿನೆಂಟರಲ್ಲಿ 3, 4 ಎಂದು ಆಡಿತು, ಯಂತ್ರ ಕೊಂಚ ಏದುಸಿರು ಬಿಟ್ಟಿತು, ಗಡಿಯಾರ ನಡೆಯುತ್ತಲೇ ಇತ್ತು. ಇಪ್ಪತ್ತನ್ನು ದಾಟಿಯೂ ಕೆಲಸ ಮಾಡಬಹುದಾಗಿತ್ತು. ಮೂವತ್ತರ ನಂತರ ಸಂಖ್ಯೆ 30ಕ್ಕೆ ಏರಿತು, ಒಂದೆರಡು ಕ್ಷಣ ಪರದೆ ಹಿಡಿದಂತಾಗಿ, ಬ್ರೌಸರಿನ ಒಂದು ಟ್ಯಾಬ್ ಬೂದು ಬಣ್ಣಕ್ಕೆ ತಿರುಗಿ ಸತ್ತಿತು. ನನ್ನ ಬ್ರೌಸರ್ ಕ್ರೋಮಿಯಂ ತನ್ನ ಟ್ಯಾಬ್‌ಗಳ ಅಂಕವನ್ನು ತಾನೇ ಏರಿಸಿಟ್ಟಿರುವುದರಿಂದ ಮೊದಲ ಬಲಿ ಅವೇ. ಸತ್ತದ್ದು ಹವಾಮಾನದ ಪುಟ. ಜಾಹೀರಾತುಗಳು ಒಂದೂ ಹೋಗಲಿಲ್ಲ, ಮತ್ತು ಈ ಸಲ ದಾಖಲೆಯಲ್ಲಿ ಸಾಲು ಇತ್ತು: ಯಾವ ಪ್ರಕ್ರಿಯೆ, ಎಷ್ಟು ಅಂಕ, ಎಷ್ಟು ಮೆಮೊರಿ ಹಿಡಿದಿತ್ತು, ಎಲ್ಲ.

ಸಂಚಿಕೆ ಮುದ್ರಣಕ್ಕೆ ಹೋದ ಮೇಲೆ ಮತ್ತೊಮ್ಮೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ 8 ಜಿಬಿಯ ಡಿಡಿಆರ್4 ರ‍್ಯಾಮ್ ಹಾಕಿಸಿದೆ. ಈ ಮಾದರಿಯಲ್ಲಿ 4 ಜಿಬಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದು, ಒಂದು ಖಾಲಿ ಸ್ಲಾಟ್ ಇದೆ. ಕೊಳ್ಳುವವರು ಸ್ಲಾಟ್ ಇದೆಯೇ ಎಂದು ಹಿಂಬದಿ ಬಿಚ್ಚಿಸಿ ನೋಡಿಯೇ ಹಣ ಕೊಡಬೇಕು. ಮೊದಲ ಭೇಟಿಯಲ್ಲಿ ಕೇಳಿದ್ದಕ್ಕಿಂತ ಬೆಲೆ ಗಣನೀಯವಾಗಿ ಏರಿತ್ತು, ಚೌಕಾಶಿಗೆ ಜಾಗವಿರಲಿಲ್ಲ. ಅಂಗಡಿಯವರ ಪರವಾಗಿ ಹೇಳಬೇಕಾದದ್ದೆಂದರೆ, ನನ್ನೆದುರಿಗೇ ಬಿಚ್ಚಿ, ನನ್ನೆದುರಿಗೇ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ಸುತ್ತು ಪೂರ್ತಿ ಓಡಿಸಿ ಕೊಟ್ಟರು. ಅಷ್ಟು ಹೊತ್ತು ಕೂರಲು ಸ್ಟೂಲ್ ಮತ್ತು ಕಟಿಂಗ್ ಚಾ ಕೂಡ ಬಂತು. ಕುಂದಾಪುರದ ಹುಡುಗನಿಗೆ ದೀಪ ಉರಿದ ಕಥೆಯನ್ನು ಹೇಳಿದೆ. ಅವನು ಕೇಳಿಸಿಕೊಂಡು, "ಗಿರಾಕಿಗಳು ಹ್ಯಾಂಗ್ ಆಗ್ತದೆ ಅಂತ ವಾಪಸ್ ತರುದು ಅದಕ್ಕೇ ಇರ್ಬೇಕು. ನಾವು ವಿಂಡೋಸ್ ಹಾಕಿ ಕಳ್ಸುದು" ಎಂದ. ನಾನು ಬರೆದುಕೊಟ್ಟ ನಾಲ್ಕು ಸಾಲುಗಳ ಫೋಟೊ ತೆಗೆದುಕೊಂಡ.

12 ಜಿಬಿ ಆದ ಮೇಲೆ ಮೆಮೊರಿ ಮುಗಿದಿಲ್ಲ, ಆದರೂ ಅರ್ಲಿಊಮ್ ತೆಗೆದಿಲ್ಲ. ಬಳಸುವವರು ಒಂದು ವಿಷಯ ಗಮನಿಸಬೇಕು: ಲಿನಕ್ಸ್ ತೋರಿಸುವ ಪಟ್ಟಿಯಲ್ಲಿ ಫ್ರೀ ಎಂಬ ಸಂಖ್ಯೆ ಯಾವಾಗಲೂ ಚಿಕ್ಕದಾಗಿಯೇ ಇರುತ್ತದೆ, ಏಕೆಂದರೆ ಖಾಲಿ ಬಿದ್ದ ರ‍್ಯಾಮ್‌ಗೆ ಅದು ಡಿಸ್ಕಿನ ಕಡತಗಳನ್ನು ತುಂಬಿಕೊಳ್ಳುತ್ತದೆ, ನೋಡಬೇಕಾದದ್ದು ಅವೈಲಬಲ್ ಎಂಬ ಸಂಖ್ಯೆಯನ್ನು. ಮೊದಲನೆಯದನ್ನು ನೋಡಿ ಗಾಬರಿಯಿಂದ ರ‍್ಯಾಮ್ ಕೊಂಡವರನ್ನು ಆ ಅಂಗಡಿಯಲ್ಲಿಯೇ ಇಬ್ಬರನ್ನು ಕಂಡೆ.

ಈ ಬೆಲೆಗೆ ಲ್ಯಾಪ್‌ಟಾಪ್ ಒಳ್ಳೆಯದೇ, 4 ಜಿಬಿಯಲ್ಲಿಯೇ ಕಾಲ ಹಾಕಬೇಕಾದವರಿಗೂ ಸ್ವಾಪ್ ಮತ್ತು ಕಾವಲುಗಾರ ಇದ್ದರೆ ಪತ್ರ, ಲೆಕ್ಕ, ಇಪ್ಪತ್ತು ಟ್ಯಾಬ್‌ಗಳಿಗೆ ಧಾರಾಳವಾಗಿ ಸಾಕು. ದೂರು ಒಂದೇ ಉಳಿದಿದೆ. ಎಡಗಡೆಯ ಹಿಂಜ್ ಸಡಿಲಾಗಿ, ಲೋಕಲ್ ಗಾಡಿಯಲ್ಲಿ ತೊಡೆಯ ಮೇಲಿಟ್ಟು ಕೆಲಸ ಮಾಡುವಾಗ ಪರದೆ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಆರು ತಿಂಗಳ ವಾರಂಟಿಯ ಚೀಟಿಯನ್ನು ತಿರುಗಿಸಿ ನೋಡಿದರೆ, ಬ್ಯಾಟರಿ ಮತ್ತು ಹಿಂಜ್ ಸೇರುವುದಿಲ್ಲ ಎಂದು ಹಿಂಬದಿಯಲ್ಲಿ ಸಣ್ಣ ಅಕ್ಷರದ ಮೊಹರು ಹೊಡೆದಿದ್ದಾರೆ.